ಅವ್ವನ ಫೋಟೊ ತೆಗೆದವನು

ಅವನು ಹೋದ ಸುದ್ದಿ ನನಗೆ ತಿಳಿದದ್ದು ನಮ್ಮ ಬೇ ಏರಿಯಾ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ. ಯಾರೋ "ನಮ್ಮ ಮದುವೆಯ ಫೋಟೊ ತೆಗೆದವರು ಇನ್ನಿಲ್ಲ" ಅಂತ ಹಾಕಿದರು. ಅಷ್ಟೇ ಸಾಕಾಯಿತು. ಫ್ರೀಮಾಂಟಿನಿಂದ, ಸ್ಯಾನ್ ಹೋಸೆಯಿಂದ, ಎಲ್ಲೆಲ್ಲಿಂದಲೋ ಮದುವೆ, ಸೀಮಂತ, ನಾಮಕರಣದ ಫೋಟೊಗಳು ಬಂದು ಬಿದ್ದವು. ಒಂದೊಂದರ ಕೆಳಗೂ ಕೈಮುಗಿದ ಚಿತ್ರಗಳ ಸಾಲು. ನೀವು ಅವರ ಜೊತೆ ಕೆಲಸ ಮಾಡಿದವರಲ್ವಾ, ಏನಾದರೂ ಬರೆಯಿರಿ ಅಂತ ಒಬ್ಬರು ನನಗೆ ಬೇರೆಯಾಗಿ ಹೇಳಿದರು. ನಾನು ಬರೆಯಲಿಲ್ಲ. ಬರೆದಿದ್ದರೂ ಅದು ಆ ಗುಂಪಿಗೆ ಹಾಕುವಂಥದ್ದು ಆಗುತ್ತಿರಲಿಲ್ಲ.

ಈಗ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ. ನಮ್ಮವ್ವನನ್ನು ಹೆಸರಿಲ್ಲದೆ ಗೋಡೆಗೆ ತೂಗುಹಾಕಿದವನು ಅವನು. ಇಲ್ಲಿ ಅವನೂ ಹೆಸರಿಲ್ಲದೆಯೇ ಇರಲಿ. ಮೊದಲೆಲ್ಲ ನಾನು ಮನೆಯಲ್ಲಿ ಅವನ ಮಾತೆತ್ತಿದರೆ "ಅವರು" ಅನ್ನುತ್ತಿದ್ದೆ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಆಮೇಲೆ ಅದು "ಅವನು" ಆಯಿತು, ಹಾಗೇ ಉಳಿಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಕೆಟ್ಟದ್ದು ಆಡುತ್ತಿಲ್ಲ, ನಡೆದದ್ದು ಆಡುತ್ತಿದ್ದೇನೆ.

ಅವನನ್ನು ಮೊದಲು ಕಂಡದ್ದು ನಾವಿರುವ ಕ್ಯಾಂಪ್‌ಬೆಲ್ಲಿನ ಒಂದು ಔಷಧಿ ಅಂಗಡಿಯ ಮೂಲೆಯಲ್ಲಿ. ಒಂದು ಬಿಳಿ ಪರದೆ, ಒಂದು ಸ್ಟೂಲು, ಪಾಸ್‌ಪೋರ್ಟ್ ಫೋಟೊ ತೆಗೆಯುವ ಸಣ್ಣ ಕ್ಯಾಮೆರಾ, ಅದರ ಹಿಂದೆ ಕಪ್ಪು ಕೋಟು ಹಾಕಿಕೊಂಡ ಉದ್ದನೆಯ ಮೂಗಿನ ಈ ಮನುಷ್ಯ. ಅಪ್ಪ ತೀರಿಕೊಂಡ ಮೇಲೆ ಅವ್ವ ಹುಬ್ಬಳ್ಳಿ ಬಿಟ್ಟು ನಮ್ಮ ಜೊತೆ ಇರಲು ಬಂದಿದ್ದಳು. ಅವಳ ಪಾಸ್‌ಪೋರ್ಟು ರಿನ್ಯೂ ಆಗಬೇಕಿತ್ತು. ನಮ್ಮ ಮನೆತನದಲ್ಲಿ ಹೆಂಗಸರು ಹೊರಗಿನ ಗಂಡಸರೆದುರು ತಲೆಯ ಮೇಲಿನ ಸೆರಗು ತೆಗೆಯುತ್ತಿರಲಿಲ್ಲ. ನಾನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಅವ್ವ ಬಿಟ್ಟಿರಲಿಲ್ಲ. ಫೋಟೊಕ್ಕೆ ಮುಖ ಪೂರ್ತಿ ಕಾಣಬೇಕು, ಒಂದು ನಿಮಿಷ ಸೆರಗು ಇಳಿಸು ಅಂದೆ.

"ಗುರ್ತಿಲ್ಲ ಪರಿಚಯಿಲ್ಲ, ಇಂವನ ಮುಂದ ನಾ ಯಾಕ ಸೆರಗು ತಗೀಲಿ?" ಅಂದಳು ಅವ್ವ, ಸ್ಟೂಲಿನ ಮೇಲಿಂದ ಏಳುತ್ತ.

ಏನು ತೊಂದರೆ ಅಂತ ಅವನು ಕೇಳಿದ. ನಾನು ನಾಚಿಕೆಯಿಂದಲೇ ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಗಲಿಲ್ಲ. ಬಲಗೈಯನ್ನು ಎದೆಯ ಮೇಲಿಟ್ಟು ಅವ್ವನಿಗೆ ತಲೆ ಬಾಗಿಸಿದ. ತನ್ನ ತಾಯಿಯೂ ಸಾಯುವವರೆಗೆ ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡೇ ಇದ್ದಳು, ಒಬ್ಬ ತಾಯಿಯ ಸೆರಗು ಇಳಿಸಲು ನಾನು ಯಾರು ಅಂದ. ಸೆರಗನ್ನು ಎರಡು ಬೆರಳಿನಷ್ಟು ಹಿಂದೆ ಸರಿಸಿದರೆ ಸಾಕು ಅಂತ ನನಗೆ ತೋರಿಸಿಕೊಟ್ಟು, ಹಣೆಯ ಮೇಲೆ ನೆರಳು ಬೀಳದಂತೆ ದೀಪವನ್ನು ನಾಲ್ಕು ಸಲ ಸರಿಸಿದ. ಹಿಂದೆ ಸಾಲು ಬೆಳೆಯುತ್ತಿತ್ತು, ಅಂಗಡಿಯ ಮ್ಯಾನೇಜರು ಎರಡು ಸಲ ಬಂದು ಗೊಣಗಿ ಹೋದ. ಅವನು ತಿರುಗಿಯೂ ನೋಡಲಿಲ್ಲ. ಆ ಫೋಟೊ ಪಾಸ್ ಆಯಿತು. "ಭಾಳ ಚಲೋ ಮನಿತನದಾಂವ" ಅಂತ ಅವ್ವ ಕಾರಿನಲ್ಲಿ ಸರ್ಟಿಫಿಕೇಟು ಕೊಟ್ಟಳು. ಅವ್ವನ ಸರ್ಟಿಫಿಕೇಟು ಸುಲಭಕ್ಕೆ ಸಿಗುವಂಥದ್ದಲ್ಲ, ಅಳಿಯನಿಗೇ ಏಳು ವರ್ಷ ಹಿಡಿದಿತ್ತು.

ಅವನು ಅಲ್ಬೇನಿಯಾದವನು. ಉತ್ತರದ ಗುಡ್ಡಗಾಡಿನ ಊರು. ಅಮೆರಿಕದ ವೀಸಾ ಲಾಟರಿಯಲ್ಲಿ ಹೆಸರು ಬಂದು ಈ ದೇಶಕ್ಕೆ ಬಂದಿದ್ದ. ಮೊದಲ ಆರು ವರ್ಷ ಸ್ಯಾನ್ ಹೋಸೆಯ ಒಂದು ಪಿಜ್ಜಾ ಹೋಟೆಲಿನಲ್ಲಿ ಪಾತ್ರೆ ತೊಳೆದು, ಆಮೇಲೆ ಹಿಟ್ಟು ತಟ್ಟಿದ್ದನಂತೆ. ಮಾಲೀಕನಿಂದ ಹಿಡಿದು ಎಲ್ಲರೂ ಅಲ್ಬೇನಿಯಾದವರೇ, ಆದರೆ ಗಿರಾಕಿಗಳ ಎದುರು ಎಲ್ಲರೂ ಇಟಲಿಯವರು. "ಆರು ವರ್ಷ ನಾನು ಇಟಲಿಯವನಾಗಿದ್ದೆ, ಒಂದು ಸಲವೂ ಇಟಲಿ ನೋಡಲಿಲ್ಲ" ಅಂತ ಹೇಳುತ್ತಿದ್ದ. ಹಾಗೆ ಹೇಳುವಾಗ ಅವನಿಗೆ ನಗು ಬರುತ್ತಿರಲಿಲ್ಲ, ಕೇಳುವವರಿಗೆ ಬರುತ್ತಿತ್ತು.

ಅವ್ವನ ಫೋಟೊದ ನಾಲ್ಕು ಪ್ರತಿ ತರಲು ಹೋದಾಗ, ಫ್ರೀಮಾಂಟಿನಲ್ಲಿ ಯಾರೋ ತನಗೊಂದು ಮದುವೆಯ ಫೋಟೊ ಕೆಲಸ ಒಪ್ಪಿಸಿದ್ದಾರೆ, ನಿಮ್ಮ ಮದುವೆಯಲ್ಲಿ ತಪ್ಪಿಸಿಕೊಳ್ಳಬಾರದ ಗಳಿಗೆ ಯಾವುದು ಅಂತ ಕೇಳಿದ. ಅಂತರಪಟ ಸರಿಯುವ ಗಳಿಗೆ ಅಂದೆ. ವಿವರಿಸಿದೆ. ಅವನಿಗೆ ಅರ್ಥವಾಗಲಿಲ್ಲ. ಮಗಳು ಡೇಕೇರಿಗೆ ಹೋಗುತ್ತಿದ್ದಳು, ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಜೊತೆಗೆ ಬರುತ್ತೇನೆ ನಡೀರಿ ಅಂದೆ.

ಹಾಗೆ ಶುರುವಾದದ್ದು ಎಂಟು ವರ್ಷ ನಡೆಯಿತು. ನಮ್ಮ ಕೆಲಸದ ರೀತಿ ಹೀಗಿತ್ತು: ಅವನು ಮುಂದೆ, ನಾನು ಅವನ ಬೆನ್ನ ಹಿಂದೆ. ಭಟ್ಟರ ಮಂತ್ರ ಕಿವಿಯಲ್ಲಿಟ್ಟುಕೊಂಡು ಅವನ ಭುಜಕ್ಕೆ ಒಂದು ಸಲ ತಟ್ಟಿದರೆ ತಯಾರಾಗು, ಎರಡು ಸಲ ತಟ್ಟಿದರೆ ತೆಗೆ. ಅವನು ಒಂದು ಮಾಂಗಲ್ಯವನ್ನೂ ತಪ್ಪಿಸಿಕೊಳ್ಳಲಿಲ್ಲ. ನನ್ನಿಂದ ಕಲಿತ ನಾಲ್ಕು ಕನ್ನಡ ಮಾತು ಎಲ್ಲವೂ ಹುಬ್ಬಳ್ಳಿಯವು. ಬೆಂಗಳೂರಿನ ಬೀಗರಿಗೆ "ಸ್ವಲ್ಪ ನಗ್ರಿ, ಇಕ್ಕಡಿ ಬರ್ರಿ" ಅಂತ ಈ ಬಿಳಿಯ ಹೇಳಿದರೆ ಅವರು ಬೇಡವೆಂದರೂ ನಗುತ್ತಿದ್ದರು. ಅವನ ಊರಿನಲ್ಲಿ ಹೌದು ಅನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ. ಇಲ್ಲಿನ ಜನರ ಜೊತೆ ಅದರಿಂದ ಅವನಿಗೆ ಸಾಕಷ್ಟು ಪಜೀತಿಯಾಗಿತ್ತು. ನಮ್ಮವರ ನಡುವೆ ಮಾತ್ರ ಯಾರಿಗೂ ಏನೂ ಅನ್ನಿಸಲಿಲ್ಲ, ನಾವೂ ಹಾಗೇ ಆಡಿಸುವವರಲ್ಲವೇ.

ಜಗಳಗಂಟ. ಭಟ್ಟರ ಜೊತೆ ಜಗಳ, ವಿಡಿಯೋದವರ ಜೊತೆ ಜಗಳ, ಸಾಲಾಗಿ ನಿಲ್ಲಿಸಿ ಫೋಟೊ ತೆಗಿ ಅನ್ನುವ ಮಾವಂದಿರ ಜೊತೆ ಜಗಳ. ಒಮ್ಮೆ ಒಬ್ಬ ದೊಡ್ಡ ಮನುಷ್ಯರು ಹಳೆಯ ಮದುವೆಯ ಆಲ್ಬಮ್ಮು ತಂದು, ಮೊದಲಿನ ಸೊಸೆ ಡೈವೋರ್ಸ್ ಆಗಿ ಹೋಗಿದ್ದಾಳೆ, ಫ್ಯಾಮಿಲಿ ಫೋಟೊದಿಂದ ಅವಳನ್ನು ತೆಗೆದುಕೊಡಿ ಅಂದರು. ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಕೆಲಸ. ಅವನು ಆಲ್ಬಮ್ಮು ಮುಚ್ಚಿ ಅವರ ಕೈಗೇ ಕೊಟ್ಟ. ಅವರು ಹೋದ ಮೇಲೆ ನನಗೆ ಕಾರಣ ಹೇಳಿದ. ಅವನ ಮನೆಯಲ್ಲಿ ಇದ್ದದ್ದು ಒಂದೇ ಫೋಟೊ. ಅದರಲ್ಲಿ ಅವನ ಚಿಕ್ಕಪ್ಪನ ಮುಖ ಇದ್ದ ಜಾಗ ಬೆಳ್ಳಗಿತ್ತು. ಚಿಕ್ಕಪ್ಪ ಗಡಿ ದಾಟಿ ಓಡಿಹೋದಾಗ ಆಗಿನ ಕಮ್ಯುನಿಸ್ಟ್ ಸರಕಾರದ ಹೆದರಿಕೆಗೆ ಅಜ್ಜನೇ ಬ್ಲೇಡಿನಿಂದ ಕೆರೆದಿದ್ದನಂತೆ. ಅದೇ ಫೋಟೊದಲ್ಲಿ ತಾಯಿ ಇದ್ದಳು, ತುಟಿ ಬಿಗಿಹಿಡಿದುಕೊಂಡು.

"ನಮ್ಮಮ್ಮ ನಗ್ತಿದ್ದಳು. ಅದಕ್ಕೆ ನನ್ನ ಹತ್ರ ಸಾಕ್ಷಿ ಇಲ್ಲ" ಅಂದ. "ಫೋಟೊದಿಂದ ನಾನು ಯಾರನ್ನೂ ತೆಗೆಯಲ್ಲ."

ಈ ಮಾತನ್ನು ನಾನು ಎಷ್ಟೋ ಮಂದಿಗೆ ಹೆಮ್ಮೆಯಿಂದ ಹೇಳಿದ್ದೇನೆ.

ಇನ್ನೊಂದು ಸಂಗತಿ ಹೇಳಬೇಕು, ಅದರಲ್ಲಿ ತಪ್ಪು ನನ್ನದು. ಮದುವೆ ಮನೆಯವರ ಫೋನು ತೆಗೆದುಕೊಳ್ಳುವವಳು ನಾನೇ. ಇನ್ನೆರಡು ತಾಸು ಹೆಚ್ಚು ಇರಿ, ಮೆಹಂದಿಗೂ ಬನ್ನಿ, ಹೀಗೆ ನೂರು ಬೇಡಿಕೆ. ಮುಖಕ್ಕೆ ಹೊಡೆದಂತೆ ಆಗುವುದಿಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. "ನಮ್ಮ ಯಜಮಾನರನ್ನ ಕೇಳಿ ಹೇಳ್ತೀನ್ರೀ" ಅನ್ನುತ್ತಿದ್ದೆ. ಹಾಗಂದರೆ ಇಲ್ಲ ಅಂತ ನಮ್ಮ ಹೆಂಗಸರಿಗೆಲ್ಲ ಗೊತ್ತು. ಸೀರೆ ಅಂಗಡಿಯಿಂದ ಹೊರಬರಲು, ಚೀಟಿಗೆ ಸೇರು ಅನ್ನುವವಳಿಂದ ತಪ್ಪಿಸಿಕೊಳ್ಳಲು ನಮ್ಮವ್ವನೂ ಅದನ್ನೇ ಅನ್ನುತ್ತಿದ್ದಳು. ನಾನು ಯಜಮಾನರನ್ನು ಕೇಳುತ್ತಲೂ ಇರಲಿಲ್ಲ, ಅವರಿಗೆ ಹೇಳುತ್ತಲೂ ಇರಲಿಲ್ಲ. ಇವನಿಗೂ ಎಷ್ಟೋ ಸಲ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದೆ, ಭಾನುವಾರ ಸ್ಯಾಕ್ರಮೆಂಟೊಗೆ ಬಾ ಅಂದಾಗಲೆಲ್ಲ.

ಅವನು ಅದನ್ನು ನಂಬಿದ. ನಂಬಿದ್ದಷ್ಟೇ ಅಲ್ಲ, ಅವನಿಗೆ ಖುಷಿಯೂ ಆಯಿತು. ಅವನ ಗುಡ್ಡಗಾಡಿನಲ್ಲೂ ಹೀಗೇ ಇತ್ತಂತೆ: ಕೊಟ್ಟ ಮಾತಿಗೆ "ಬೆಸಾ" ಅನ್ನುತ್ತಾರೆ, ಅದನ್ನು ಮನೆಯ ಯಜಮಾನನಿಗೆ ಕೊಡಬೇಕು, ಬಿಡಿಸಿಕೊಳ್ಳುವುದಾದರೂ ಅವನಿಂದಲೇ. ನಿಮ್ಮ ಜನ ಇನ್ನೂ ಕಟ್ಟಳೆ ಬಿಟ್ಟಿಲ್ಲ, ನಮ್ಮಲ್ಲಿ ಎಲ್ಲ ಹೋಯಿತು ಅಂತ ನನ್ನನ್ನು ಹೊಗಳಿದ. ನಾನು ಒಳಗೊಳಗೇ ನಕ್ಕೆ, ತಿದ್ದಲಿಲ್ಲ. ಅವನು ಹಾಗೆ ತಿಳಿದುಕೊಂಡಿದ್ದರೆ ನನಗೆ ಅನುಕೂಲವೇ ಆಗಿತ್ತು.

ಅವ್ವನಿಗೆ ಕೊನೆಯ ವರ್ಷ ಮರೆವು ಹತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದೆ. ಯಜಮಾನರು ಬಾಗಿಲ ಬಳಿ ಲ್ಯಾಪ್‌ಟಾಪು ತೆರೆದು ಕೂತಿದ್ದರು. ಇವನು ಯಾವುದೋ ಆಲ್ಬಮ್ಮು ಕೊಡಲು ಬಂದ. ಅವನನ್ನು ನೋಡಿ ಅವ್ವ ಸೆರಗಿಗೆ ಕೈ ಹಾಕಲಿಲ್ಲ. ತೀರಿಹೋದ ತನ್ನ ತಮ್ಮನೇ ಬಂದನೆಂದುಕೊಂಡಳು. "ಏ ತಮ್ಮಾ, ಈಗ ಬಂದೇನೋ, ಎಷ್ಟ ಹೊತ್ತೋ" ಅಂತ ಬಿಳಿಯ ಕೂದಲು ಹೆಗಲ ತುಂಬ ಹರಡಿಕೊಂಡು ಬಾಯ್ತುಂಬ ನಕ್ಕಳು. ಹಲ್ಲಿಲ್ಲದ ಬಾಯಿ. ಅವಳು ನಕ್ಕದ್ದು ನೋಡಿ ನಾನೂ ನಕ್ಕೆ. ಕ್ಯಾಮೆರಾ ಒಂದೇ ಒಂದು ಸಲ ಸದ್ದು ಮಾಡಿತು.

ನನಗೆ ರೇಗಿತು. ಬುದ್ಧಿ ನೆಟ್ಟಗಿದ್ದಾಗ ಯಾವ ಹೆಂಗಸು ಪರರೆದುರು ಸೆರಗು ಇಳಿಸಲಿಲ್ಲವೋ ಅವಳನ್ನು ಬುದ್ಧಿ ಹೋದಾಗ ಹೀಗೆ ಹಿಡಿದಿಡುವುದು ಯಾವ ನ್ಯಾಯ ಅಂದೆ. ಅಳಿಸಿ ಅಂದೆ. ತನಗಾಗಿ ತೆಗೆಯುವಾಗ ಅವನು ರೀಲಿನ ಕ್ಯಾಮೆರಾ ಬಳಸುತ್ತಿದ್ದ, ಅಳಿಸಲು ಬರುವುದಿಲ್ಲ. ಅವನ ಮುಖ ಕೆಂಪಾಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು, "ಈ ಮನೆಯ ಹೊರಗೆ ಇದು ಯಾರ ಕಣ್ಣಿಗೂ ಬೀಳಲ್ಲ. ಬೆಸಾ" ಅಂದ. ಆಮೇಲೆ ಬಾಗಿಲ ಬಳಿ ಹೋಗಿ ಯಜಮಾನರ ಕೈ ಕುಲುಕಿದ. ಅವರು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಕೈ ಕೊಟ್ಟರು. ಹೊರಟವನು ಕೈ ಕುಲುಕಿದ ಅಂದುಕೊಂಡೆ ನಾನು.

ಅವ್ವ ಆ ಚಳಿಗಾಲದಲ್ಲೇ ಹೋದಳು. ಅವನು ಬಂದು ಮೂಲೆಯಲ್ಲಿ ಕೂತ. ಕಾಫಿ ಕೊಟ್ಟರೆ ಸಕ್ಕರೆಯಿಲ್ಲದ್ದು ಕೊಡಿ ಅಂದ. ಸಾವಿನ ಮನೆಯ ಕಾಫಿ ಅವರಲ್ಲಿ ಕಹಿಯಾಗಿಯೇ ಇರಬೇಕಂತೆ. ಬಂದವರೆಲ್ಲ ದೇವರ ಇಚ್ಛೆ, ಒಳ್ಳೆಯ ಸಾವು ಅಂತ ಸಮಾಧಾನ ಹೇಳುತ್ತಿದ್ದರು. ಅವನೊಬ್ಬ ಬಾಯಿ ತೆರೆಯದೆ ಆ ಕಪ್ಪು ಕಾಫಿಯನ್ನು ಪೂರ್ತಿ ಕುಡಿದು ಎದ್ದ. ಅವತ್ತಿನಷ್ಟು ಅವನ ಮೇಲೆ ನನಗೆ ಎಂದೂ ಪ್ರೀತಿ ಬಂದಿರಲಿಲ್ಲ.

ಆ ಮೇಲಿನ ವರ್ಷ ಅವನು ಮದುವೆಯ ಫೋಟೊ ತೆಗೆಯುವುದು ಬಿಟ್ಟ. ಪಿಜ್ಜಾ ಹೋಟೆಲಿನಲ್ಲಿ, ಔಷಧಿ ಅಂಗಡಿಯಲ್ಲಿ, ಬಸ್‌ಸ್ಟಾಪಿನಲ್ಲಿ ತನ್ನ ಪಾಡಿಗೆ ತೆಗೆದಿಟ್ಟಿದ್ದ ಫೋಟೊಗಳು ಯಾರದೋ ಕಣ್ಣಿಗೆ ಬಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಗ್ಯಾಲರಿ ಅವನನ್ನು ಕರೆಯಿತು. ಯಜಮಾನರ ಹೆಸರಿಗೆ, "ಮತ್ತು ಕುಟುಂಬ" ಅಂತ ಆಮಂತ್ರಣ ಬಂತು. ಮೂವರೂ ಹೋದೆವು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ನಮ್ಮ ಮನುಷ್ಯ ಮೇಲೆ ಬಂದ ಅನ್ನುವ ಸಂಭ್ರಮ.

ಮುಂದೆ ಓಡಿದ ಮಗಳು ಅಲ್ಲಿಂದಲೇ ಕೂಗಿದಳು, "ಅಮ್ಮಾ, ದಟ್ಸ್ ಅಜ್ಜಿ!"

ಎದುರಿನ ಗೋಡೆಯ ತುಂಬ ಅವ್ವ. ಬಾಗಿಲಿನಷ್ಟು ಎತ್ತರ. ಹರಡಿದ ಕೂದಲು, ಹಲ್ಲಿಲ್ಲದ ನಗು, ಜಾರಿದ ಸೆರಗು. ಕೆಳಗೆ "ತಾಯಿ, ಕ್ಯಾಂಪ್‌ಬೆಲ್" ಅಂತ ಚೀಟಿ. ಬಾಚಣಿಗೆ ಹಿಡಿದ ಒಂದು ಕೈ ಅಂಚಿನಲ್ಲಿ ಕಾಣುತ್ತಿತ್ತು, ನನ್ನ ಕೈ. ಮಣಿಕಟ್ಟಿನಿಂದ ಆಚೆ ನಾನಿರಲಿಲ್ಲ. ಫೋಟೊದಿಂದ ಯಾರನ್ನೂ ತೆಗೆಯದವನು ನನ್ನನ್ನು ತೆಗೆದಿದ್ದ. ವೈನಿನ ಗ್ಲಾಸು ಹಿಡಿದ ಇಬ್ಬರು ಹೆಂಗಸರು ಅದರ ಮುಂದೆ ನಿಂತು, ಇವಳು ಫೋಟೊಗ್ರಾಫರನ ತಾಯಿಯಿರಬೇಕು, ಎಷ್ಟು ಚೆನ್ನಾಗಿ ನಗುತ್ತಾಳೆ ಅನ್ನುತ್ತಿದ್ದರು. ಅವನು ನಾಲ್ಕು ಹೆಜ್ಜೆ ಆಚೆಗಿದ್ದ. ಕೇಳಿಸಿಕೊಂಡ. ತಿದ್ದಲಿಲ್ಲ.

ನಾನು ಅವನ ಮುಂದೆ ಹೋಗಿ ನಿಂತೆ. ಮಾತು ಕೊಟ್ಟಿದ್ದಿರಿ ಅಂದೆ. ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. ಅದು ನಟನೆಯಲ್ಲ, ಅಷ್ಟು ವರ್ಷ ಕಂಡಿದ್ದ ಮುಖ, ನನಗೆ ಗೊತ್ತಾಗುತ್ತದೆ.

"ಮಾತು ಕೊಟ್ಟದ್ದು ನಿಮ್ಮ ಮನೆಯ ಯಜಮಾನರಿಗೆ, ಕೈ ಕುಲುಕಿ. ಅವರೇ ಬಿಡಿಸಿಕೊಟ್ಟರು. ಕೇಳಿ" ಅಂದ.

ತಿರುಗಿ ನೋಡಿದೆ. ಯಜಮಾನರು ತಟ್ಟೆಯಲ್ಲಿ ಚೀಸು, ದ್ರಾಕ್ಷಿ ಹಾಕಿಕೊಂಡು ನಿಂತಿದ್ದರು. ಅವರ ಮುಖವೂ ಪೆಚ್ಚಾಯಿತು. ಮೂರು ತಿಂಗಳ ಹಿಂದೆ ಇವನು ಅದೇ ಕಪ್ಪು ಕೋಟು ಹಾಕಿಕೊಂಡು ಮೆನ್ಲೋ ಪಾರ್ಕಿನ ಅವರ ಆಫೀಸಿಗೆ ಹೋಗಿ, ರಿಸೆಪ್ಷನ್ನಿನಲ್ಲಿ ಒಂದು ಗಂಟೆ ಕಾದು, ಊರಿನಿಂದ ತರಿಸಿದ ಒಂದು ಬಾಟಲಿ ಮದ್ಯ ಕೊಟ್ಟು ಒಪ್ಪಿಗೆ ಕೇಳಿದ್ದನಂತೆ.

"ಎರಡು ಮೀಟಿಂಗ್ ಮಧ್ಯ ಕೆಳಗೆ ಬಂದಿದ್ದೆ ಕಣೇ. ಏನೋ ಫಾರ್ಮು ಕೊಟ್ಟ, ಸೈನ್ ಮಾಡ್ದೆ. ನೀವಿಬ್ರೂ ಜೊತೇಲೇ ಕೆಲ್ಸ ಮಾಡೋರು, ನಿಂಗೆ ಗೊತ್ತಿರತ್ತೆ ಅನ್ಕೊಂಡೆ" ಅಂದರು ಯಜಮಾನರು.

ನಾನು ಯಾರನ್ನು ಬಯ್ಯಬೇಕಿತ್ತು? ಒಬ್ಬ ತನ್ನ ಗುಡ್ಡದ ಕಟ್ಟಳೆ ಅಕ್ಷರಶಃ ಪಾಲಿಸಿದ್ದ. ಇನ್ನೊಬ್ಬರು ಓದದೆ ಸಹಿ ಹಾಕಿದ್ದರು, ಅದು ಅವರ ಹುಟ್ಟುಗುಣ. ನಮ್ಮ ಮನೆಯಲ್ಲಿ ಎಲ್ಲವೂ ಯಜಮಾನರ ಮಾತಿನಂತೆ ನಡೆಯುತ್ತದೆ ಅಂತ ಎಂಟು ವರ್ಷ ಅವನಿಗೆ ಪಾಠ ಹೇಳಿದವಳು ನಾನು. ಮಾಡಿದ್ದುಣ್ಣೋ ಮಹಾರಾಯ. ಆದರೂ ಅವನನ್ನು ನಾನು ಕ್ಷಮಿಸಲಿಲ್ಲ, ಇವತ್ತಿಗೂ ಕ್ಷಮಿಸಿಲ್ಲ. ಅವನ ಭುಜ ತಟ್ಟಿದ ಕೈ ನನ್ನದು, ಆ ಫೋಟೊದಲ್ಲಿರುವ ಕೈಯೂ ನನ್ನದು. ನನ್ನನ್ನು ಒಂದು ಮಾತು ಕೇಳಬೇಕು ಅಂತ ಅವನಿಗೆ ಅನ್ನಿಸಲಿಲ್ಲವೇ? ಕೇಳಿದ್ದರೆ ನಾನು ಬೇಡ ಅನ್ನುತ್ತೇನೆ ಅಂತ ಅವನಿಗೆ ಗೊತ್ತಿತ್ತು. ಕಟ್ಟಳೆ ಅಷ್ಟರಮಟ್ಟಿಗೆ ಅವನಿಗೂ ಅನುಕೂಲವಾಗಿತ್ತು ಅಂತಲೇ ನಾನು ತಿಳಿದಿದ್ದೇನೆ.

ಮಾರನೆಯ ದಿನ ಫೋನು ಮಾಡಿದ. ಯಜಮಾನರು ಒಂದು ಮಾತು ಹೇಳಲಿ, ಇವತ್ತೇ ಗೋಡೆಯಿಂದ ಇಳಿಸುತ್ತೇನೆ, ಮತ್ತೆ ಎಲ್ಲೂ ಹಾಕುವುದಿಲ್ಲ ಅಂದ. ನಾನು ಹೇಳುತ್ತಿದ್ದೇನಲ್ಲ, ಇಳಿಸಿ ಅಂದೆ. ಅವನು ಮೆಲ್ಲಗೆ, ಅವರೇ ಹೇಳಬೇಕು ಅಂದ. ಫೋನಿಟ್ಟೆ. ನಾನೇ ಹೇಳಿಬಿಡಲಾ ಅಂತ ಯಜಮಾನರು ಎರಡು ಸಲ ಕೇಳಿದರು. ಅವರು ಒಂದು ಮಾತು ಹೇಳಿದ್ದರೆ ಅವ್ವ ಅವತ್ತು ಸಂಜೆಯೊಳಗೆ ಗೋಡೆಯಿಂದ ಇಳಿಯುತ್ತಿದ್ದಳು. ನೀವು ಬಾಯಿ ತೆರೆದರೆ ನೋಡಿ ಅಂದೆ ನಾನು. ನನ್ನ ಮಾತಿಗೆ ಇಳಿಯದ ಫೋಟೊ ಅವರ ಮಾತಿಗೆ ಇಳಿಯುವುದು ನನಗೆ ಬೇಕಿರಲಿಲ್ಲ. ಅವ್ವನ ಸೆರಗಿಗಿಂತ ನನ್ನ ಹಟ ದೊಡ್ಡದಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅವನದ್ದಷ್ಟೇ ಬರೆದು ನನ್ನದು ಬಿಟ್ಟರೆ ನಾನೂ ಫೋಟೊ ಕತ್ತರಿಸಿದಂತೆ.

ಆ ಒಂದು ಚಿತ್ರ ಅವನನ್ನು ಎಲ್ಲಿಗೋ ಒಯ್ದಿತು. ಅವನ ಪುಸ್ತಕದ ಮುಖಪುಟವಾಯಿತು, ಪತ್ರಿಕೆಗಳಲ್ಲಿ ಬಂತು, ಬಹುಮಾನ ಬಂತು. ಹಲ್ಲಿನ ಡಾಕ್ಟರ ಬಳಿ ಕಾಯುತ್ತ ಕೂತಿದ್ದಾಗ ಮೇಜಿನ ಮೇಲೆ ಅವ್ವ ಸಿಕ್ಕಳು. ಪತ್ರಿಕೆಯನ್ನು ಮಗುಚಿಟ್ಟೆ. ಪಕ್ಕದಲ್ಲಿದ್ದವರು ಅದನ್ನು ಎತ್ತಿಕೊಂಡು ನೋಡಿ ಮುಗುಳ್ನಕ್ಕರು. ಎಲ್ಲಕ್ಕಿಂತ ಕಹಿಯಾದದ್ದು ಯಾವುದು ಅಂತ ಹೇಳಲೇ? ಅದು ಒಳ್ಳೆಯ ಫೋಟೊ. ನನ್ನಲ್ಲಿರುವ ಅವ್ವನ ಫೋಟೊಗಳಲ್ಲೆಲ್ಲ ಅವಳು ಸೆರಗು ಹೊದ್ದು ತುಟಿ ಬಿಗಿಹಿಡಿದು ಕೂತಿದ್ದಾಳೆ, ಅವನ ತಾಯಿಯ ಹಾಗೇ. ನಗುವ ಅವ್ವ ಇರುವುದು ಅದೊಂದರಲ್ಲೇ. ಅದರ ಪ್ರತಿ ಊರಲ್ಲೆಲ್ಲ ಇತ್ತು, ನನ್ನ ಬಳಿ ಇರಲಿಲ್ಲ. ಕೇಳಲು ನನಗೆ ಮನಸ್ಸು ಬರಲಿಲ್ಲ. ಆರು ವರ್ಷ ಅವನ ಜೊತೆ ಮಾತಾಡಲಿಲ್ಲ. ಕಾಯಿಲೆ ಅಂತ ಕೇಳಿದೆ, ಹೋಗಲಿಲ್ಲ.

ಹೋದ ವಾರ ಒಂದು ದಪ್ಪ ಲಕೋಟೆ ಬಂತು. ಕಳಿಸಿದವಳು ಅವನ ತಂಗಿ. ಮೇಲೆ ಯಜಮಾನರ ಹೆಸರಿತ್ತು, ಇವನದೇ ಕೈಬರಹ, ಸಾಯುವ ಮೊದಲೇ ಬರೆದಿಟ್ಟದ್ದು. ನಾನು ಒಡೆಯಲಿಲ್ಲ. ಅವರು ಆಫೀಸಿನಿಂದ ಬರುವವರೆಗೆ ಊಟದ ಟೇಬಲ್ಲಿನ ಮೇಲಿಟ್ಟೆ. ಬಂದು ಒಡೆದರು. ಒಳಗೆ ಆ ನೆಗೆಟಿವ್ವು ಮತ್ತು ಒಂದು ಚೀಟಿ. ಅವನ ಮುರುಕು ಇಂಗ್ಲಿಷಿನಲ್ಲಿ ಇಷ್ಟೇ ಇತ್ತು: ಸರ್, ನಿಮ್ಮ ಒಪ್ಪಿಗೆ ಇದ್ದರೆ ಇದನ್ನು ನಿಮ್ಮ ಹೆಂಡತಿಗೆ ಕೊಡಿ.

ಯಜಮಾನರು ಅದನ್ನು ಎರಡು ಸಲ ಓದಿದರು. ನೆಗೆಟಿವ್ವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಪೂರ್ತಿ ಇದೆ ಕಣೇ. ನೀನೂ ಇದೀಯ ಇದ್ರಲ್ಲಿ. ನಗ್ತಾ ಇದೀಯ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಎರಡು ಬೆರಳಲ್ಲಿ ಅದನ್ನು ಹಿಡಿದುಕೊಂಡೇ, "ಕೊಡ್ಲಾ?" ಅಂತ ಕೇಳಿದರು.

"ನಮ್ಮ ಯಜಮಾನರನ್ನ ಕೇಳಿ ಹೇಳ್ತೀನ್ರೀ" ಅಂದೆ.

ಅವರು ನಗಲಿಲ್ಲ. ನಾನೂ ನಗಲಿಲ್ಲ. ಲಕೋಟೆ ಇನ್ನೂ ಊಟದ ಟೇಬಲ್ಲಿನ ಮೇಲೇ ಇದೆ.